ಪಿಒಇ ಸ್ವಿಚ್ಚಿನಲ್ಲಿ ಪೋರ್ಟಿಗಿಂತ ಮೊದಲು ವಾಟ್ ಲೆಕ್ಕ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಶಾಲೆಗಳಿಗೂ ಸಹಕಾರಿ ಸಂಘಗಳಿಗೂ ನೆಟ್‌ವರ್ಕ್ ಕೆಲಸ ಮಾಡಿಕೊಡುವವನು ನಾನು. ಕ್ಯಾಮೆರಾಕ್ಕೆ ಬೇರೆ ಕರೆಂಟ್ ವೈರ್ ಬೇಡ, ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಹೋಗಲಿ ಎಂದು ಈಗ ಎಲ್ಲರೂ ಪವರ್ ಓವರ್ ಈಥರ್ನೆಟ್, ಅಂದರೆ ಪಿಒಇ ಸ್ವಿಚ್ಚನ್ನೇ ಕೇಳುತ್ತಾರೆ. ಅದನ್ನು ಡಿಫಾಲ್ಟ್ ಸೆಟ್ಟಿಂಗಿನಲ್ಲೇ ಬಿಟ್ಟು ಬರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇತ್ತೀಚೆಗೆ ಒಂದು ಶಾಲೆಗೆ ಹಾಕಿದ ಸ್ವಿಚ್ಚಿನದೇ ಲೆಕ್ಕ ಹೇಳುತ್ತೇನೆ. ಕೇಬಲ್ ಸಿಕ್ಕಿಸುವ ಪೋರ್ಟ್ 24, ಒಟ್ಟು ಪಿಒಇ ಬಜೆಟ್, ಅಂದರೆ ಎಲ್ಲ ಪೋರ್ಟಿಗೂ ಸೇರಿ ಸ್ವಿಚ್ ಕೊಡಬಲ್ಲ ಪವರ್, 195 ವಾಟ್. "ಪೋರ್ಟ್ ಬೇಕಾದಷ್ಟು ಉಂಟಲ್ಲ, ಮತ್ತೆಂತ ಲೆಕ್ಕ?" ಎಂದು ಹೆಡ್‌ಮಾಷ್ಟ್ರು ಕೇಳಿದರು. "ಮಾಷ್ಟ್ರೇ, ತೋಟದ ಪಂಪ್ ಒಂದೇ, ಎಲ್ಲ ವಾಲ್ವ್ ಒಟ್ಟಿಗೆ ತೆರೆದರೆ ಕೊನೆಯ ಸಾಲಿಗೆ ನೀರು ಸಿಕ್ಕೀತಾ?" ಎಂದೆ. ಅಡಿಕೆ ಬೆಳೆಯುವವರು, ಕೂಡಲೇ ಅರ್ಥವಾಯಿತು.

ಅಲ್ಲಿದ್ದದ್ದು ಹತ್ತು ಕ್ಯಾಮೆರಾ, ಮೂರು ವೈಫೈ ಆಕ್ಸೆಸ್ ಪಾಯಿಂಟ್, ನಾಲ್ಕು ಐಪಿ ಫೋನ್. ಸ್ವಿಚ್ ಡಿಫಾಲ್ಟ್ ಆಗಿ ಉಪಕರಣದ ಕ್ಲಾಸ್, ಅಂದರೆ ಅದು ಎಷ್ಟು ಪವರ್ ಕೇಳಬಹುದೆಂಬ ದರ್ಜೆ, ನೋಡಿ ಪವರ್ ಕಾದಿರಿಸುತ್ತದೆ. ಕ್ಲಾಸ್ 3ರ ಕ್ಯಾಮೆರಾಕ್ಕೆ 15.4 ವಾಟ್, ಕ್ಲಾಸ್ 4ರ ಆಕ್ಸೆಸ್ ಪಾಯಿಂಟಿಗೆ 30, ಕ್ಲಾಸ್ 2ರ ಫೋನಿಗೆ 7. ಕೂಡಿಸಿದರೆ 272 ವಾಟ್! ನಿಜವಾಗಿ ಅಷ್ಟು ಖರ್ಚಾಗದಿದ್ದರೂ ಕಾದಿರಿಸಿದ್ದು ಬಜೆಟ್ ದಾಟಿದೊಡನೆ ಮುಂದಿನ ಪೋರ್ಟಿಗೆ ಪವರ್ ಸಿಗುವುದಿಲ್ಲ.

ಹಾಗಾಗಿ ಕ್ಲಾಸ್ ಬಿಟ್ಟು ಪ್ರತಿ ಪೋರ್ಟಿಗೂ ಮಿತಿಯನ್ನು ನಾನೇ ಬರೆದೆ. ಡೇಟಾಶೀಟಿನಲ್ಲಿ ಕ್ಯಾಮೆರಾದ ಗರಿಷ್ಠ 7.5 ವಾಟ್ ಇತ್ತು. ಕೇಬಲ್ಲಿನಲ್ಲಿ ಸೋರುವುದಕ್ಕೂ ಸೇರಿಸಿ 9 ಕೊಟ್ಟೆ. 16 ವಾಟಿನ ಆಕ್ಸೆಸ್ ಪಾಯಿಂಟಿಗೆ 20. ಫೋನಿಗೆ 7 ಹಾಗೆಯೇ ಇರಲಿ ಎಂದೆ. ಒಟ್ಟು 178.

ಇಲ್ಲಿ ಮುಖ್ಯವಾದದ್ದು ಗರಿಷ್ಠ ಎಂಬ ಮಾತು. ಕ್ಯಾಮೆರಾ ಹಗಲು ತೋರಿಸುವ ವಾಟ್ ನಂಬಿ ಮಿತಿ ಹಾಕಿದರೆ ಕತ್ತಲಾದ ಮೇಲೆ ತೊಂದರೆ. ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಬೇಡಿಕೆ ಏರುತ್ತದೆ, ಮಿತಿ ದಾಟಿದ ಪೋರ್ಟನ್ನು ಸ್ವಿಚ್ ಕಡಿಯುತ್ತದೆ. ಅದಕ್ಕೇ ಸಂಜೆ ಏಳರ ಮೇಲೆ ಇನ್ನೊಮ್ಮೆ ಪಿಒಇ ಸ್ಟೇಟಸ್ ಪುಟ ನೋಡದೆ ನಾನು ಕೆಲಸ ಮುಗಿಯಿತು ಅನ್ನುವುದಿಲ್ಲ. ಹಗಲು ಸರಿಯಿದ್ದು ರಾತ್ರಿ ಮಾತ್ರ ರೀಸ್ಟಾರ್ಟ್ ಆಗುವ ಕ್ಯಾಮೆರಾ ಇದ್ದರೆ ಕೇಬಲ್ಲನ್ನೂ ಸುಲಿದು ನೋಡಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗ, ಆದರೆ ಅದರ ರೋಧ ಹೆಚ್ಚು. ದೂರದ ಕ್ಯಾಮೆರಾ ತಲುಪುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಶುದ್ಧ ತಾಮ್ರದ್ದೇ ಬೇಕೆಂದು ನಾನು ಹಟ ಹಿಡಿಯುತ್ತೇನೆ.

ಆಮೇಲೆ ಪ್ರಯಾರಿಟಿ. ಆಫೀಸು, ಕಂಪ್ಯೂಟರ್ ಲ್ಯಾಬಿನ ಕ್ಯಾಮೆರಾಗಳಿಗೆ ಕ್ರಿಟಿಕಲ್, ಆಕ್ಸೆಸ್ ಪಾಯಿಂಟಿಗೆ ಹೈ, ಉಳಿದದ್ದಕ್ಕೆ ಲೋ. ಪವರ್ ಸಾಲದಾದಾಗ ಸ್ವಿಚ್ ಲೋ ಪೋರ್ಟುಗಳನ್ನೇ ಮೊದಲು ಬಿಡುತ್ತದೆ. ಸಿಸ್ಕೋ ಕಂಪನಿಯ ಕೆಟಲಿಸ್ಟ್ ಸ್ವಿಚ್ ಆದರೆ 'ಪವರ್ ಇನ್‌ಲೈನ್ ಸ್ಟ್ಯಾಟಿಕ್' ಎಂಬ ಕಮಾಂಡ್ ಹಾಕಿ ಮುಖ್ಯ ಪೋರ್ಟಿಗೆ ಪವರ್ ಮೊದಲೇ ತೆಗೆದಿಡಬಹುದು. ಬೇಡದ ಪೋರ್ಟಿಗೆ 'ನೆವರ್'. ಕಂಪ್ಯೂಟರಿನ ಪೋರ್ಟುಗಳಲ್ಲಿ ನಾನು ಪಿಒಇ ಆಫ್ ಮಾಡುತ್ತೇನೆ. ಆನ್ ಇದ್ದರೂ ಕಂಪ್ಯೂಟರ್ ಸುಡುವುದಿಲ್ಲ, ಪಿಒಇ ಉಪಕರಣದ ಒಳಗಿರುವ ಸುಮಾರು 25 ಕಿಲೋಓಮ್ ರೋಧದ ಗುರುತು ಕಾಣದೆ ಸ್ವಿಚ್ ಪವರ್ ಬಿಡುವುದೇ ಇಲ್ಲ. ಆದರೆ ಯಾರಾದರೂ ಹೇಳದೆ ಕೇಳದೆ ಅಲ್ಲಿ ಇನ್ನೊಂದು ಕ್ಯಾಮೆರಾ ಸಿಕ್ಕಿಸಿದರೆ ಬಜೆಟ್ ಲೆಕ್ಕ ತಪ್ಪುತ್ತದೆ.

ನಮ್ಮ ಕಡೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಜೋರು. ಪಿಒಇ ಆಫ್ ಮಾಡಿದೆ, ಇನ್ನು ಭಯವಿಲ್ಲ ಎಂದುಕೊಳ್ಳಬೇಡಿ. ಸೆಟ್ಟಿಂಗ್ ಆಫ್ ಆದರೂ ತಾಮ್ರದ ತಂತಿ ಸ್ವಿಚ್ಚಿಗೆ ಸೇರಿಕೊಂಡೇ ಇರುತ್ತದೆ, ಸಿಡಿಲಿನ ಹೊಡೆತ ಅದರಲ್ಲೇ ಬರಬಹುದು. ಅದಕ್ಕೇ ಗೇಟಿನ ಕ್ಯಾಮೆರಾಕ್ಕೆ ಕರೆಂಟ್ ಹಾಯದ ಫೈಬರ್ ಎಳೆದು, ಫೈಬರನ್ನು ನೆಟ್‌ವರ್ಕ್ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಮತ್ತು ಕೇಬಲ್ಲಿಗೆ ಪವರ್ ಸೇರಿಸುವ ಇಂಜೆಕ್ಟರ್ ಅಲ್ಲೇ ಇಟ್ಟೆ. ಸ್ವಿಚ್ಚಿನಲ್ಲಿ ಆ 9 ವಾಟೂ ಉಳಿಯಿತು. ಮುಂದಿನ ವರ್ಷ ಗ್ರಂಥಾಲಯಕ್ಕೆ ಕ್ಯಾಮೆರಾ ಬೇಕಂತೆ, ಅದಕ್ಕೆ ಕೊಡಬಹುದು.