ಸ್ಟೆಂಟ್ ಒಳಗೇ ಮತ್ತೆ ಬ್ಲಾಕ್: ಒಳಹೊಕ್ಕು ನೋಡುವುದು ಹೇಗೆ?

ನಮ್ಮ ಕೋಲಾರದ ಕಡೆ ಬೋರ್‌ವೆಲ್‌ನಲ್ಲಿ ನೀರು ಕಡಿಮೆಯಾದರೆ ತಿಳಿದ ರೈತರು ಮೊದಲು ಕ್ಯಾಮೆರಾ ಬಿಡಿಸುತ್ತಾರೆ. ಕೇಸಿಂಗ್ ಪೈಪ್ ಅಪ್ಪಚ್ಚಿಯಾಗಿದೆಯೋ, ಮಣ್ಣು ಕುಸಿದಿದೆಯೋ ಕಣ್ಣಾರೆ ಕಂಡ ಮೇಲೆಯೇ ಮುಂದಿನ ಖರ್ಚಿನ ಮಾತು. ಹೃದಯದ ರಕ್ತನಾಳ ತೆರೆದಿಡಲು ಹಾಕಿದ ಲೋಹದ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಒಳಗೆ ಮತ್ತೆ ಬ್ಲಾಕ್ ಆದಾಗಲೂ ಅದೇ ಎಚ್ಚರ ಬೇಕು.

ಸ್ಟೆಂಟ್ ಹಾಕಿಸಿಕೊಂಡವರಿಗೆ ಟೊಮೆಟೊ ಬಾಕ್ಸ್ ಎತ್ತುವಾಗ ಹಳೆಯ ಎದೆ ಹಿಡಿತ ಮರುಕಳಿಸಿದರೆ 'ಗ್ಯಾಸ್ ಇರಬೇಕು ಬಿಡಣ್ಣ' ಎಂದು ಸೋಡಾ ಕುಡಿಸಿ ಸುಮ್ಮನಾಗಬೇಡಿ. ಆಂಜಿಯೋಗ್ರಾಂನಲ್ಲಿ (ನಾಳಕ್ಕೆ ಡೈ ಎಂಬ ಬಣ್ಣದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ) ಸ್ಟೆಂಟ್ ಒಳಗೆ ಅಥವಾ ಅದರ ಅಂಚಿನಲ್ಲಿ ಶೇ 50ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಮರುಬ್ಲಾಕ್ ಎನ್ನುತ್ತಾರೆ. ಆದರೆ ಆಂಜಿಯೋಗ್ರಾಂ ತೋರಿಸುವುದು ಡೈ ಹರಿದ ದಾರಿಯ ನೆರಳನ್ನಷ್ಟೇ. ಯಾಕೆ ಕಿರಿದಾಯಿತು ಎಂಬುದು ಅದರಲ್ಲಿ ಸರಿಯಾಗಿ ತಿಳಿಯದು.

ಅದಕ್ಕೆ ಒಳಗೇ ಹೋಗಬೇಕು. ಮಣಿಕಟ್ಟಿನ ನಾಳದಿಂದ ಕೊಳವೆ ಏರಿಸಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ನಾಳ ಸಡಿಲಾಗಲು ನೈಟ್ರೋಗ್ಲಿಸರಿನ್ ಬಿಡುತ್ತಾರೆ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪದ ತಂತಿಯನ್ನು ಬ್ಲಾಕ್ ದಾಟಿಸಿ, ಅದರ ಮೇಲೆ ಚಿತ್ರ ತೆಗೆಯುವ ಸಣ್ಣ ಕೊಳವೆ, ಅಂದರೆ ಕ್ಯಾಥೆಟರ್ ಜಾರಿಸುತ್ತಾರೆ. ಸ್ಟೆಂಟಿನ ಆಚೆ ತುದಿ ದಾಟಿದ ಮೇಲೆ ಒಂದೇ ವೇಗದಲ್ಲಿ ಹಿಂದಕ್ಕೆ ಎಳೆಯುತ್ತಾ ಚಿತ್ರ ಹಿಡಿಯುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ.

ವಿಧಾನ ಎರಡು. ಐವಸ್ (IVUS) ಶಬ್ದತರಂಗದಿಂದ ನೋಡುತ್ತದೆ. ನಾಳದ ಗೋಡೆಯ ಪೂರ್ತಿ ಆಳ ಕಾಣುತ್ತದೆ, ಕಿಡ್ನಿಗೆ ಹೊರೆಯಾಗುವ ಡೈ ಬೇಕಿಲ್ಲ. ಹಾಗಾಗಿ ಕಿಡ್ನಿ ದುರ್ಬಲವಾದವರಿಗೆ ಇದು ಒಳ್ಳೆಯದು. ಓಸಿಟಿ (OCT) ಬೆಳಕಿನಿಂದ ನೋಡುತ್ತದೆ. 10ರಿಂದ 20 ಮೈಕ್ರಾನ್‌ನಷ್ಟು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸೂಕ್ಷ್ಮವೂ ಕಾಣುತ್ತದೆ, ಆದರೆ ಆಳ 1–2 ಮಿ.ಮೀ. ಮಾತ್ರ. ರಕ್ತ ಅಡ್ಡಬರದಂತೆ ಆ ಕೆಲವು ಸೆಕೆಂಡು ಸಾಮಾನ್ಯವಾಗಿ ಡೈ ಹಾಯಿಸಬೇಕು.

ಪರದೆಯ ಮೇಲೆ ನಾಳವನ್ನು ಅಡ್ಡ ಕೊಯ್ದಂತೆ ದುಂಡನೆಯ ಚಿತ್ರ ಮೂಡುತ್ತದೆ. ಓಸಿಟಿಯಲ್ಲಿ ಸ್ಟೆಂಟಿನ ಒಂದೊಂದು ಲೋಹದ ಎಳೆಯೂ ಹೊಳೆಯುವ ಚುಕ್ಕೆ, ಅದರ ಬೆನ್ನಿಗೆ ಕಪ್ಪು ನೆರಳು. ಬ್ಲಾಕ್ ಕಡೆ ಕಣ್ಣು ಹೋಗುವ ಮುನ್ನ ಈ ಚುಕ್ಕೆಗಳ ಬಳೆಯನ್ನು ಅಳೆಯಬೇಕು. ನನ್ನ ಪ್ರಕಾರ ಇಡೀ ಪರೀಕ್ಷೆಯ ಜೀವಾಳವೇ ಇದು. 3 ಮಿ.ಮೀ. ವ್ಯಾಸದ ಸ್ಟೆಂಟ್ ಪೂರ್ತಿ ಅರಳಿದರೆ ಒಳಗಿನ ವಿಸ್ತೀರ್ಣ ಸುಮಾರು 7 ಚದರ ಮಿ.ಮೀ. ವ್ಯಾಸ 2.2 ಮಿ.ಮೀ.ಗೇ ನಿಂತಿದ್ದರೆ ವಿಸ್ತೀರ್ಣ 4ನ್ನೂ ಮುಟ್ಟುವುದಿಲ್ಲ. ಹೃದಯಕ್ಕೆ ರಕ್ತ ಒಯ್ಯುವ ಎಡ ಮುಖ್ಯನಾಳ ಬಿಟ್ಟು ಉಳಿದೆಡೆ ಸ್ಟೆಂಟಿನ ಒಳವಿಸ್ತೀರ್ಣ ಐವಸ್‌ನಲ್ಲಿ 5.5, ಓಸಿಟಿಯಲ್ಲಿ 4.5 ಚದರ ಮಿ.ಮೀ.ಗಿಂತ ಹೆಚ್ಚಿರಬೇಕು ಎಂಬುದು ವಾಡಿಕೆಯ ಅಳತೆ. ಅರಳದ ಸ್ಟೆಂಟಿನೊಳಗೆ ಇನ್ನೊಂದನ್ನು ತುರುಕಿದರೆ ದಾರಿ ಇನ್ನಷ್ಟು ಇಕ್ಕಟ್ಟಾಗುತ್ತದೆ, ಅಷ್ಟೆ.

ಬಳೆ ಸರಿಯಿದ್ದರೆ ಒಳಗೆ ಬೆಳೆದದ್ದೇನು ಎಂದು ನೋಡುತ್ತಾರೆ. ಒಂದೇ ಸಮ ಬೆಳ್ಳಗಿದ್ದರೆ ಗಾಯ ಮಾಗುವಾಗ ಬೆಳೆದ ಅಂಗಾಂಶ. ವರ್ಷಗಳು ಕಳೆದ ಸ್ಟೆಂಟಿನಲ್ಲಿ ಹೊಸದಾಗಿ ಕೊಬ್ಬು, ಕ್ಯಾಲ್ಸಿಯಂ ಕಟ್ಟಿರಲೂಬಹುದು. ಎಳೆ ಮುರಿದಿದೆಯೇ, ಅಂಚಿನಾಚೆ ರೋಗ ಉಳಿದಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಕಾರಣದಂತೆ ಚಿಕಿತ್ಸೆ. ಅರಳಿಲ್ಲದಿದ್ದರೆ ಹೆಚ್ಚು ಒತ್ತಡದ ಗಟ್ಟಿ ಬಲೂನ್, ಸ್ಟೆಂಟಿನ ಬೆನ್ನಿಗೆ ಕ್ಯಾಲ್ಸಿಯಂ ಇದ್ದರೆ ಆಘಾತ ತರಂಗದಿಂದ ಅದನ್ನು ಒಡೆಯುವ ಬಲೂನ್. ಅಂಗಾಂಶವೇ ಬೆಳೆದಿದ್ದರೆ ಔಷಧ ಲೇಪಿಸಿದ ಬಲೂನ್ ಅಥವಾ ಹೊಸ ಸ್ಟೆಂಟ್. ಕೊನೆಗೆ ಮತ್ತೊಮ್ಮೆ ಕ್ಯಾಥೆಟರ್ ಎಳೆದು ಅಳೆಯಬೇಕು.

ಈ ಪರೀಕ್ಷೆ ನಡೆಯುವ ಕ್ಯಾಥ್ ಲ್ಯಾಬ್‌ಗೆ ಹೋಗುವಾಗ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟ್, ಹಳೆಯ ಡಿಸ್ಚಾರ್ಜ್ ಸಮರಿ, ಸ್ಟೆಂಟ್ ಕಾರ್ಡ್ ಮರೆಯದೆ ಒಯ್ಯಿರಿ. ಸ್ಟೆಂಟಿನ ಅಳತೆ ಬರೆದಿರುವುದು ಆ ಕಾರ್ಡ್‌ನಲ್ಲೇ. ಅದು ಕೈಲಿದ್ದರೆ ಎಷ್ಟು ಅರಳಬೇಕಿತ್ತು, ಎಷ್ಟು ಅರಳಿದೆ ಎಂದು ಡಾಕ್ಟರು ಅಲ್ಲೇ ತಾಳೆ ನೋಡಬಲ್ಲರು.