ಮಂಗಗಳನ್ನು ತಿರುಗಿಸೋಕೆ ನನಗೆ 22 ವರ್ಷ ಹಿಡಿಯಿತು

1999ರ ಬೇಸಿಗೆ ರಜೆ, ದಾವಣಗೆರೆ. ನಮ್ಮ ಬೀದಿಯ ಕೊನೆಗಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಗಂಟೆಗೆ 15 ರೂಪಾಯಿ. ನಾನೂ ದೊಡ್ಡಮ್ಮನ ಮಗ ಅಣ್ಣನೂ ದುಡ್ಡು ಕೂಡಿಸಿಕೊಂಡು ಹೋಗಿ ಒಂದೇ ಕುರ್ಚಿಯಲ್ಲಿ ಅರ್ಧರ್ಧ ಕೂತು ‘ದಿ ಲಯನ್ ಕಿಂಗ್’ ಆಡುತ್ತಿದ್ದೆವು. ಬಾಣದ ಕೀಗಳು ಅವನ ಪಾಲು, ಹಾರೋದು ನನ್ನ ಪಾಲು. ಅದೇ ಸಿ.ಡಿ.ಯಲ್ಲಿದ್ದ ‘ಅಲಾದ್ದೀನ್’ ನಾಲ್ಕೈದು ದಿನದಲ್ಲಿ ಮುಗಿದಿತ್ತು. ‘ಲಯನ್ ಕಿಂಗ್’ನ ನಾಯಕ, ಸಿಂಹದ ಮರಿ ಸಿಂಬ ಮಾತ್ರ ಎರಡನೇ ಹಂತ ದಾಟಲಿಲ್ಲ.

ಆಡಿದವರಿಗೆ ಆ ಹಂತ ಹೇಳಿದರೆ ಸಾಕು, ಮುಖ ಕಿವುಚುತ್ತಾರೆ. ಉಷ್ಟ್ರಪಕ್ಷಿಯ ಬೆನ್ನೇರಿ ಓಡಬೇಕು. ಜಿರಾಫೆಗಳ ತಲೆಯಿಂದ ತಲೆಗೆ ಹಾರಬೇಕು. ನಡುವೆ ಮರಗಳ ಮೇಲೆ ಮಂಗಗಳ ಸಾಲು. ಹತ್ತಿರ ಹೋದರೆ ಸಿಂಬನನ್ನು ಹಿಡಿದು ಒಂದು ಮಂಗ ಇನ್ನೊಂದಕ್ಕೆ ಎಸೆಯುತ್ತದೆ, ಅದು ಮತ್ತೊಂದಕ್ಕೆ. ಕೊನೆಗೆ ಹೊರಟ ಜಾಗಕ್ಕೇ ತಂದು ಬಿಡುತ್ತವೆ. ನಾವಿಬ್ಬರೂ ಇದು ಕೈಚಳಕದ ಕೊರತೆ ಅಂದುಕೊಂಡು ಮತ್ತೆ ಮತ್ತೆ ಹಾರಿದೆವು. ಗಂಟೆ ಮುಗಿಯುತ್ತಿತ್ತು, ಸೆಂಟರಿನವರು ಹಿಂದೆ ಬಂದು ನಿಲ್ಲುತ್ತಿದ್ದರು.

2021ರ ಮಳೆಗಾಲದಲ್ಲಿ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಅಂಥದೇ ಒಂದು ಸಿ.ಡಿ. ಸಿಕ್ಕಿತು. ಗೀರು ಬಿದ್ದಿತ್ತು, ಆದರೆ ಆ ಫೋಲ್ಡರ್ ಕಾಪಿ ಆಯಿತು. ಈ ಸಲ ಮುಗಿಸಿಯೇ ತೀರಬೇಕು, ಯೂಟ್ಯೂಬ್ ನೋಡಬಾರದು ಅಂತ ನನಗೆ ನಾನೇ ಷರತ್ತು ಹಾಕಿಕೊಂಡೆ.

ಇದು ವಿಂಡೋಸಿಗೂ ಹಿಂದಿನ ‘ಡಾಸ್’ ವ್ಯವಸ್ಥೆಯ ಆಟ. ಈಗಿನ ವಿಂಡೋಸಿನಲ್ಲಿ ಡಾಸ್ ಆಟ ನೇರವಾಗಿ ಓಡುವುದಿಲ್ಲ, ಹಳೇ ಕಂಪ್ಯೂಟರಿನಂತೆ ನಟಿಸುವ ಡಾಸ್‌ಬಾಕ್ಸ್ ಅನ್ನುವ ತಂತ್ರಾಂಶ ಬೇಕು. ಆಟದ ಫೋಲ್ಡರನ್ನು ಅದರಲ್ಲಿ ಸಿ ಡ್ರೈವ್ ಅಂತ ಜೋಡಿಸಿದೆ. ಸೌಂಡ್ ಕಾರ್ಡ್ ಕೇಳಿದ ಕಡೆ ಆ ಕಾಲದ ಸೌಂಡ್ ಬ್ಲಾಸ್ಟರ್ ಕಾರ್ಡಿನ ಹೆಸರು, ಅದರ ಸೆಟ್ಟಿಂಗ್ ಸಂಖ್ಯೆಗಳು (ಅಡ್ರೆಸ್ 220, ಐಆರ್‌ಕ್ಯೂ 7, ಡಿಎಂಎ 1) ಕೊಟ್ಟೆ. ಶುರುವಿನಲ್ಲಿ ಸಿಂಬ ಬಸುರಿ ಬೆಕ್ಕಿನ ಹಾಗೆ ತೆವಳುತ್ತಿದ್ದ. ಡಾಸ್‌ಬಾಕ್ಸ್ ತನ್ನಷ್ಟಕ್ಕೆ ಬಿಟ್ಟರೆ 3000 ಸೈಕಲ್‌ನಲ್ಲಿ ಓಡುತ್ತದೆ (ಸೈಕಲ್ ಅಂದರೆ ಅದರ ವೇಗದ ಅಳತೆ), ಈ ಆಟಕ್ಕೆ ಅದು ಏನೇನೂ ಸಾಲದು. ಕಂಟ್ರೋಲ್ ಒತ್ತಿ ಹಿಡಿದು ಎಫ್12 ಒತ್ತುತ್ತಾ ಹೋದೆ. ನನ್ನ ಲ್ಯಾಪ್‌ಟಾಪಿನಲ್ಲಿ 20,000ದ ಹತ್ತಿರ ನಡಿಗೆ ಸರಿಯಾಯಿತು. ಇನ್ನೊಂದು ತೊಂದರೆ, ಸಿಂಬ ಕುಳ್ಳಗೆ, ಚಪ್ಪಟೆಯಾಗಿ ಕಾಣುತ್ತಿದ್ದ. ಆಟದ ಚಿತ್ರ 320×200, ಆಗಿನ ಮಾನಿಟರ್ ಅದನ್ನು ಉದ್ದಕ್ಕೆ ಎಳೆದು ತೋರಿಸುತ್ತಿತ್ತು. ಡಾಸ್‌ಬಾಕ್ಸ್ ಸೆಟ್ಟಿಂಗ್‌ನಲ್ಲಿ ‘ಆಸ್ಪೆಕ್ಟ್’ ಅನ್ನುವುದನ್ನು ‘ಟ್ರೂ’ ಮಾಡಿದ ಮೇಲೆ ಸಿಂಹದ ಮರಿ ಸಿಂಹದ ಮರಿಯಂತೆ ನಿಂತಿತು.

ಕೀಬೋರ್ಡಿನದು ಬೇರೆಯೇ ಕಥೆ. ಅಗ್ಗದ ಕೀಬೋರ್ಡುಗಳಲ್ಲಿ ಮೂರು ಕೀ ಒಟ್ಟಿಗೆ ಒತ್ತಿದರೆ ಒಂದು ಸತ್ತುಹೋಗುತ್ತದೆ. ಓಡುತ್ತಾ ಹಾರಿದಾಗ ಹಾರುವುದೇ ಇಲ್ಲ. 1999ರಲ್ಲಿ ನಾನು ಅಣ್ಣನನ್ನು ಬೈದದ್ದರಲ್ಲಿ ಅರ್ಧ ಇದೇ ಕಾರಣಕ್ಕೆ ಇರಬೇಕು. ಯುಎಸ್‌ಬಿ ಗೇಮ್‌ಪ್ಯಾಡ್ ತಂದು, ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಎಫ್1 ಒತ್ತಿದರೆ ಬರುವ, ಕೀಗಳ ಕೆಲಸ ಬದಲಿಸುವ ಮ್ಯಾಪರಿನಲ್ಲಿ ಬಟನ್‌ಗಳನ್ನು ಜೋಡಿಸಿಕೊಂಡೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಸತ್ತಾಗಲೆಲ್ಲ ಎಲ್ಲಿ ಸತ್ತೆ, ಆಗ ಏನು ಒತ್ತಿದ್ದೆ ಅಂತ ಒಂದು ಸಾಲು. ಮೂರು ಸಂಜೆ ಕಳೆದ ಮೇಲೆ ಓದಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು: ಗರ್ಜನೆಯ ಬಟನ್ ಒಂದೇ ಒಂದು ಸಲವೂ ಪುಸ್ತಕದಲ್ಲಿ ಇಲ್ಲ. ಹುಡುಗರಾಗಿದ್ದಾಗ ಅದನ್ನು ಬರೀ ತಮಾಷೆಗೆ ಒತ್ತುತ್ತಿದ್ದೆವು. ಹಾಗಾದರೆ ಅದು ಇರುವುದಾದರೂ ಯಾಕೆ? ಮೊದಲ ಹಂತಕ್ಕೆ ವಾಪಸ್ ಹೋಗಿ ಎದುರಿಗೆ ಬಂದದ್ದರ ಮೇಲೆಲ್ಲ ಗರ್ಜಿಸಿದೆ. ಒಂದು ಮುಳ್ಳುಹಂದಿ ಅಂಗಾತ ಮಗುಚಿ ಬಿತ್ತು.

ಎರಡನೇ ಹಂತಕ್ಕೆ ಬಂದು, ಎಸೆಯಲು ಕೈ ಚಾಚಿ ಕೂತ ಗುಲಾಬಿ ಮಂಗದ ಎದುರು ನಿಂತೆ. ಗರ್ಜನೆಯ ಮೀಟರ್ ತುಂಬುವ ತನಕ ಕಾದೆ, ಅರ್ಧ ತುಂಬಿದಾಗ ಒತ್ತಿದರೆ ಮರಿಯ ಕೀರಲು ಧ್ವನಿಗೆ ಯಾರೂ ಕೇರ್ ಮಾಡುವುದಿಲ್ಲ. ಒತ್ತಿದೆ. ಮಂಗ ಗಕ್ಕನೆ ಆ ಕಡೆ ತಿರುಗಿ ಕೂತಿತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅಂದರೆ ಇದು ಹಾರುವ ಆಟವೇ ಅಲ್ಲ, ರೈಲ್ವೆ ಪಾಯಿಂಟ್ ಬದಲಿಸುವ ಹಾಗಿನ ಲೆಕ್ಕ. ಯಾವ ಮಂಗವನ್ನು ತಿರುಗಿಸಿದರೆ ಎಸೆತ ಎಲ್ಲಿಗೆ ಹೋಗುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬಾಣ ಹಾಕಿ ನಕ್ಷೆ ಬರೆದೆ. ಮಾರನೇ ದಿನ ಹಂತ ದಾಟಿತು.

ಇಷ್ಟು ಕಷ್ಟದ್ದನ್ನು ಎರಡನೇ ಹಂತಕ್ಕೇ ಯಾಕೆ ಇಟ್ಟರು? ಆಟ ಮಾಡಿದ್ದು ವೆಸ್ಟ್‌ವುಡ್ ಸ್ಟುಡಿಯೋಸ್, 1994ರಲ್ಲಿ, ಸಿನಿಮಾ ಬಂದ ವರ್ಷವೇ. ಅದರ ಸ್ಥಾಪಕರಲ್ಲೊಬ್ಬರಾದ ಲೂಯಿಸ್ ಕ್ಯಾಸಲ್ ಎಷ್ಟೋ ವರ್ಷದ ನಂತರ ಕಾರಣ ಬಿಚ್ಚಿಟ್ಟರು. ಅಮೆರಿಕದಲ್ಲಿ ಆಟಗಳನ್ನು ಅಂಗಡಿಯಿಂದ ಬಾಡಿಗೆಗೆ ಒಯ್ಯುತ್ತಿದ್ದರು. ಬಾಡಿಗೆಗೆ ತಂದವರು ವಾರಾಂತ್ಯದಲ್ಲೇ ಮುಗಿಸಿಬಿಟ್ಟರೆ ಕೊಳ್ಳುವವರು ಯಾರು? ಹಾಗಾಗಿ ಶುರುವಿನಲ್ಲೇ ತಡೆಗೋಡೆ ಕಟ್ಟಿ ಅಂತ ಡಿಸ್ನಿಯಿಂದ ಒತ್ತಾಯ ಬಂತಂತೆ. ಅಲ್ಲಿನ ಬಾಡಿಗೆಯವರಿಗೆ ಕಟ್ಟಿದ ಗೋಡೆಗೆ ಇಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ನಾವು ತಲೆ ಚಚ್ಚಿಕೊಂಡೆವು. ‘ಅಲಾದ್ದೀನ್’ನಲ್ಲಿ ಈ ಕುತಂತ್ರ ಇಲ್ಲ. 1993ರಲ್ಲಿ ಸೆಗಾ ಕಂಪನಿಯ ಗೇಮ್ ಯಂತ್ರಕ್ಕೆ ಡೇವಿಡ್ ಪೆರಿಯವರ ತಂಡ ಮಾಡಿದ್ದರ ಡಾಸ್ ರೂಪ ಅದು, ಡಿಸ್ನಿಯ ಚಿತ್ರಕಾರರು ಕಾಗದದ ಮೇಲೆ ಬರೆದ ಚಿತ್ರಗಳೇ ಅದರಲ್ಲಿ ಓಡಾಡುತ್ತವೆ. ಅದರ ಚೆಂದಕ್ಕೆ ಸಿಂಬ ಸರಿಸಾಟಿ, ದಯೆಯಲ್ಲಿ ಮಾತ್ರ ಅಲ್ಲ.

ಉಳಿದ ಹಂತಗಳಲ್ಲಿ ಹೇಳುವಂಥದ್ದು ಕಡಿಮೆ. ಕಾಡುಕೋಣಗಳಂಥ ಪ್ರಾಣಿಗಳ ಹಿಂಡಿನ ಮುಂದೆ ಸಿಂಬ ನಮ್ಮ ಕಡೆಗೇ ಓಡಿಬರುವ ಹಂತ ಬರೀ ಕಂಠಪಾಠ. ಜಲಪಾತದಲ್ಲಿ ಬೀಳುವ ದಿಮ್ಮಿಗಳ ಮೇಲೆ ಹತ್ತುವಾಗ ಸಿಂಬ ಅಂಚಿಗೆ ಮುಂಗಾಲು ಸಿಕ್ಕಿಸಿ ನೇತಾಡುತ್ತಾನೆ, ಆಗ ಗಾಬರಿಯಿಂದ ಹಾರುವ ಬಟನ್ ಒತ್ತಿದವನು ಕೆಟ್ಟ. ಆಟದಲ್ಲಿ ಸೇವ್ ಇಲ್ಲ, ಒಂದೇ ಕೂತಿನಲ್ಲಿ ಹತ್ತೂ ಹಂತ ಮುಗಿಸಬೇಕು. 2019ರಲ್ಲಿ ಈ ಎರಡೂ ಆಟಗಳನ್ನು ಸೇರಿಸಿ ಬಂದ ಹೊಸ ಸಂಕಲನದಲ್ಲಿ ರಿವೈಂಡ್ ಇದೆ, ಅದನ್ನು ಬೇಕಂತಲೇ ಮುಟ್ಟಲಿಲ್ಲ.

ಕೊನೆಯಲ್ಲಿ ಬಂಡೆಯ ತುದಿಯಲ್ಲಿ ಕಥೆಯ ಖಳನಾಯಕ ಸ್ಕಾರ್. ಹೊಡೆದೆ, ಹೊಡೆದೆ, ಸಾಯುವುದೇ ಇಲ್ಲ. ಎರಡು ರಾತ್ರಿ ಇಲ್ಲೇ ಹೋಯಿತು. ಮತ್ತೆ ನೋಟ್‌ಬುಕ್ ತೆಗೆದೆ: ಬೆಳೆದು ದೊಡ್ಡವನಾದ ಸಿಂಬನಿಗೆ ಎದುರಾಳಿಯನ್ನು ಹಿಡಿದು ಬೀಸಿ ಎಸೆಯುವ ಪಟ್ಟು ಒಂದಿದೆ, ಅದನ್ನು ಕತ್ತೆಕಿರುಬಗಳ ಮೇಲೆ ಎರಡು ಸಲ ಬಿಟ್ಟರೆ ಬಳಸಿಯೇ ಇಲ್ಲ. ಸ್ಕಾರನನ್ನು ಸುಸ್ತು ಮಾಡಿ ಅಂಚಿನ ಹತ್ತಿರಕ್ಕೆ ಎಳೆದುಕೊಂಡು ಬಂದು ಎಸೆದೆ. ಬಂಡೆಯಿಂದಾಚೆ ಹಾರಿ ಹೋದ.

ರಾತ್ರಿ ಒಂದೂ ಕಾಲು. ತಡೆಯಲಾರದೆ ಅಣ್ಣನಿಗೆ ವಾಟ್ಸಾಪ್ ಮಾಡಿದೆ: “ಅಣ್ಣಾ, ಸ್ಕಾರ್ ಬಿದ್ದ!”

ಬೆಳಿಗ್ಗೆ ಆರಕ್ಕೆ ಉತ್ತರ ಬಂದಿತ್ತು: “ಅದಿರ್ಲಿ ಬಿಡಲೇ, ಆ ಮಂಗ ದಾಟಿದ್ದು ಹೆಂಗೆ? ಮೊದ್ಲು ಅದು ಹೇಳು.”