ಗುಂಯ್‌ಗುಡದ ಆಂಪ್ಲಿಫೈಯರ್: ಮನೆಯಲ್ಲೇ ಕಟ್ಟಿಕೊಳ್ಳುವವರಿಗೆ

ಮನೆಯಲ್ಲಿ ಸಂಗೀತ ಕೇಳಲು ತಾವೇ ಒಂದು ಆಂಪ್ಲಿಫೈಯರ್ ಕಟ್ಟಿಕೊಳ್ಳಲು ಹೊರಡುವವರು ಯಾವ ಐಸಿ (ಆಂಪ್ಲಿಫೈಯರಿನ ಮುಖ್ಯ ಚಿಪ್) ಒಳ್ಳೆಯದು, ಎಷ್ಟು ವಾಟ್ ಬೇಕು ಎಂಬ ಪ್ರಶ್ನೆಗಳಲ್ಲೇ ತಿಂಗಳುಗಟ್ಟಲೆ ಕಳೆಯುತ್ತಾರೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ನಾಲ್ಕು ಆಂಪ್ಲಿಫೈಯರುಗಳನ್ನು ಕಟ್ಟಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಐಸಿ ಯಾವುದೇ ಇರಲಿ, ಹಾಡು ನಿಂತಾಗ ಸ್ಪೀಕರಿನಿಂದ ಹೊರಡುವ ಗುಂಯ್ ಎಂಬ ಸದ್ದನ್ನು ನೀಗಿಸುವುದೇ ಈ ಕೆಲಸದ ಮುಕ್ಕಾಲು ಪಾಲು. ಬೇಸರವೂ ಸಂತೋಷವೂ ಹೆಚ್ಚಾಗಿ ಅಲ್ಲಿಯೇ ಸಿಗುತ್ತವೆ.

ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಎಲ್‌ಎಂ 1875 ಐಸಿಯನ್ನೇ. ಇದಕ್ಕೆ ಐದೇ ಕಾಲುಗಳು. ಪ್ಲಸ್ 25, ಮೈನಸ್ 25 ವೋಲ್ಟ್ ಕೊಟ್ಟರೆ 8 ಓಮ್ ಸ್ಪೀಕರಿಗೆ 20 ವಾಟ್ ಕೊಡುತ್ತದೆ. ಇಪ್ಪತ್ತು ವಾಟ್ ಸಾಲದೆಂದು ತೋರಬಹುದು, ಆದರೆ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಸಾಧಾರಣ ಸ್ಪೀಕರ್ ಕೂಡ 20 ವಾಟಿಗೆ 101 ಡೆಸಿಬೆಲ್ ಮುಟ್ಟುತ್ತದೆ. ಶಕ್ತಿಯನ್ನು 40 ವಾಟಿಗೆ ಏರಿಸಿದರೆ ಅದಕ್ಕೆ ಸೇರುವುದು 3 ಡೆಸಿಬೆಲ್ ಮಾತ್ರ. ಹತ್ತಡಿ ಹನ್ನೆರಡಡಿಯ ಕೋಣೆಗೆ, ಗೋಡೆಯಾಚೆ ಇನ್ನೊಂದು ಸಂಸಾರವಿರುವ ಮುಂಬಯಿಯ ಕಟ್ಟಡಕ್ಕೆ, ಇದು ಧಾರಾಳವಾಯಿತು.

ಸಾಮಾನು ಕೊಳ್ಳಲು ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಬೇಕು. ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂಬ ಹೆಸರು ಫಲಕದ ಮೇಲಿದ್ದರೂ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಮಧ್ಯ ರೈಲ್ವೆಯವರು ದಾದರಿನಲ್ಲಿ ಇಳಿದು, ಪಶ್ಚಿಮ ಮಾರ್ಗದ ಗಾಡಿ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಅಲ್ಲಿಂದ ನಡೆಯುವಷ್ಟೇ ದೂರ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರ ಹೋಗುವುದು ಮೇಲು. ಎರಡು ಚಾನೆಲ್‌ಗಳಿಗೆ ಬೇಕಾಗುವುದು 18-0-18 ವೋಲ್ಟಿನ, ಅಂದರೆ ನಡುತಂತಿಯ ಎರಡೂ ಬದಿಗೆ 18 ವೋಲ್ಟ್ ಕೊಡುವ, 3 ಆಂಪಿಯರ್ ಟ್ರಾನ್ಸ್‌ಫಾರ್ಮರ್. ಅದರ ಎಸಿಯನ್ನು ಡಯೋಡುಗಳು ಡಿಸಿ ಮಾಡಿದಾಗ, 18 ವೋಲ್ಟನ್ನು 1.414ರಿಂದ ಗುಣಿಸಿ ಡಯೋಡಿನ ನಷ್ಟ ಕಳೆದರೆ ಸುಮಾರು 25 ವೋಲ್ಟ್ ಸಿಗುತ್ತದೆ. ಮನೆಯ ವಿದ್ಯುತ್ 240 ದಾಟಿದಾಗ, ಸಂಗೀತವೂ ಇಲ್ಲದಿದ್ದರೆ, ಅದು 27 ವೋಲ್ಟ್‌ವರೆಗೂ ಏರುತ್ತದೆ. ಈ ಐಸಿ ತಾಳಿಕೊಳ್ಳುವ ಮಿತಿ ಎರಡೂ ಕಡೆ ಸೇರಿ 60 ವೋಲ್ಟ್ ಆದ್ದರಿಂದ, ಅಂಗಡಿಯವರು 24-0-24 ತೋರಿಸಿ ಹೆಚ್ಚು ಪವರ್ ಬರುತ್ತದೆಂದು ಒತ್ತಾಯಿಸಿದರೂ ಒಪ್ಪಬಾರದು.

ಐಸಿ ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ನನ್ನ ಮೊದಲ ಆಂಪ್ಲಿಫೈಯರಿನ ಎರಡೂ ಐಸಿಗಳು ನಕಲಿಯಾಗಿದ್ದವು. 15 ವೋಲ್ಟಿನಲ್ಲಿ ಚೆನ್ನಾಗಿಯೇ ಹಾಡಿದವು, 25 ವೋಲ್ಟ್ ಕೊಟ್ಟ ಐದು ನಿಮಿಷದಲ್ಲಿ ಸುಟ್ಟವು. ತಪ್ಪು ನನ್ನ ಬೆಸುಗೆಯದೆಂದೇ ನಂಬಿ ಮೂರು ವಾರ ಬೋರ್ಡನ್ನು ಬಿಚ್ಚಿ ಕಟ್ಟಿದ ದುಃಖ ಇನ್ನೂ ನೆನಪಿದೆ. ಅಕ್ಷರಗಳಿರುವ ಮುಖವನ್ನು ಅಸಿಟೋನ್ ಹಚ್ಚಿದ ಬಟ್ಟೆಯಿಂದ ಉಜ್ಜಿದಾಗ ಅಕ್ಷರ ಅಳಿಸಿ ಕೆಳಗೆ ಬೇರೆ ಗುರುತು ಕಂಡರೆ ಆ ಐಸಿಯನ್ನು ಬಳಸಬಾರದು. ಉಳಿದ ಅಂಗಡಿಗಳಲ್ಲಿ ಹೇಳುವ ಬೆಲೆಯ ಅರ್ಧಕ್ಕೆ ಸಿಕ್ಕಿದರೂ ಸಂಶಯಪಡಬೇಕು.

ಬೋರ್ಡಿನ ಕೆಲಸ ಸುಲಭ. ತಯಾರಕರ ಕೈಪಿಡಿಯಲ್ಲಿರುವ ಸರ್ಕ್ಯೂಟನ್ನೇ ಅನುಸರಿಸಿದರೆ ಸಾಕು: 20 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರುಗಳು ಸೇರಿ 21 ಪಟ್ಟು ವರ್ಧನೆ ಕೊಡುತ್ತವೆ. 10 ಪಟ್ಟಿಗಿಂತ ಕಡಿಮೆ ಮಾಡಿದರೆ ಈ ಐಸಿ ಸ್ಥಿರವಾಗಿರದೆ, ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ತಾನೇ ಕಂಪಿಸಿ ಬಿಸಿಯಾಗುತ್ತದೆ. ಅದೇ ಕಾರಣಕ್ಕೆ ಔಟ್‌ಪುಟ್‌ನಲ್ಲಿ 1 ಓಮ್ ರೆಸಿಸ್ಟರ್ ಮತ್ತು 0.22 ಮೈಕ್ರೋಫ್ಯಾರಡ್ ಕೆಪಾಸಿಟರಿನ ಜೋಡಿಯನ್ನು, ವಿದ್ಯುತ್ತಿನ ಕಾಲುಗಳಿಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರುಗಳನ್ನು ಬಿಡದೆ ಹಾಕಬೇಕು.

ಐಸಿಯ ಶಾಖವನ್ನು ಹೊರಗೆ ಚೆಲ್ಲುವ ಅಲ್ಯೂಮಿನಿಯಂ ಹೀಟ್‌ಸಿಂಕ್ ವಿಷಯದಲ್ಲಿ ಜಿಪುಣತನ ಬೇಡ. 8 ಓಮ್ ಸ್ಪೀಕರಿಗೆ ನುಡಿಸುವಾಗ ಒಂದೊಂದು ಐಸಿಯೂ ಅತಿ ಕಠಿಣ ಸ್ಥಿತಿಯಲ್ಲಿ ಸುಮಾರು 16 ವಾಟ್ ಶಾಖವನ್ನು, ಅದರ ಮೇಲೆ ಸುಮ್ಮನೆ ಕುಳಿತಾಗಲೂ ಬೇಕಾಗುವ ಮೂರೂವರೆ ವಾಟನ್ನು ಹೊರಹಾಕಬೇಕು. ಮೇ ತಿಂಗಳಲ್ಲಿ ಕೋಣೆಯೇ 35 ಡಿಗ್ರಿ ಇರುವ ಊರು ನಮ್ಮದು. ಐಸಿಯ ಲೋಹದ ಬೆನ್ನು ಮೈನಸ್ ವೋಲ್ಟಿಗೆ ಸೇರಿರುವುದರಿಂದ ನಡುವೆ ಮೈಕಾ ಹಾಳೆ, ಸ್ಕ್ರೂವಿಗೆ ಪ್ಲಾಸ್ಟಿಕ್ ಬುಷ್, ಎರಡೂ ಕಡೆ ತೆಳ್ಳಗೆ ಹೀಟ್‌ಸಿಂಕ್ ಪೇಸ್ಟ್ ಇರಲೇಬೇಕು. ರಂಧ್ರ ಕೊರೆದ ಮೇಲೆ ಅಂಚಿನಲ್ಲಿ ಉಳಿಯುವ ಅಲ್ಯೂಮಿನಿಯಂ ಮುಳ್ಳು ಮೈಕಾವನ್ನು ತೂತು ಮಾಡುತ್ತದೆ. ದೊಡ್ಡ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಅದನ್ನು ಸವರಿ, ಹೀಟ್‌ಸಿಂಕಿಗೂ ಐಸಿಯ ಮೂರನೆಯ ಕಾಲಿಗೂ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿಯೇ ಮುಂದೆ ಹೋಗಬೇಕು.

ವಿದ್ಯುತ್ ಕೊಡುವ ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಹಳೆಯ ಚಾಳುಗಳಲ್ಲಿ, ಹಳೆಯ ಸೊಸೈಟಿಗಳಲ್ಲಿ ಮೂರನೆಯ ರಂಧ್ರದ ಹಿಂದೆ ತಂತಿಯೇ ಇಲ್ಲದಿರುವುದುಂಟು. ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಬೇಕು. ಹಾಗಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸುವವರೆಗೆ ಲೋಹದ ಪೆಟ್ಟಿಗೆಯನ್ನು ಪ್ಲಗ್ಗಿಗೆ ಹಾಕಕೂಡದು. ಫೇಸ್ ತಂತಿಯಲ್ಲಿ 1 ಆಂಪಿಯರ್ ಸ್ಲೋ ಬ್ಲೋ ಫ್ಯೂಸ್ ಇರಲಿ. ಮೊದಲ ಸಲ ವಿದ್ಯುತ್ ಕೊಡುವಾಗ 60 ವಾಟಿನ ಹಳೆಯ ಬಗೆಯ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಬೇಕು. ಬಲ್ಬು ಒಮ್ಮೆ ಹೊಳೆದು ಮಂದವಾದರೆ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಎರಡು ದೊಡ್ಡ ಕೆಪಾಸಿಟರುಗಳು ತುಂಬಿದವೆಂದು ಅರ್ಥ. ಪ್ರಖರವಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ಆದರೆ ಬಲ್ಬಿನ ದೆಸೆಯಿಂದ ಏನೂ ಸುಟ್ಟಿರುವುದಿಲ್ಲ. ಮೊದಲು ಟ್ರಾನ್ಸ್‌ಫಾರ್ಮರ್ ಒಂದೇ, ಆಮೇಲೆ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಜೋಡಣೆ) ಮತ್ತು ಕೆಪಾಸಿಟರುಗಳು, ಕೊನೆಗೆ ಒಂದೊಂದೇ ಐಸಿ, ಹೀಗೆ ಹಂತಹಂತವಾಗಿ ಸೇರಿಸುತ್ತಾ ಬನ್ನಿ. ಪ್ರತಿ ಹಂತದ ನಡುವೆಯೂ ಪ್ಲಗ್ ಕಿತ್ತು, 100 ಓಮ್ 10 ವಾಟಿನ ರೆಸಿಸ್ಟರಿನಿಂದ ಕೆಪಾಸಿಟರುಗಳನ್ನು ಖಾಲಿ ಮಾಡಿ. ಸ್ಪೀಕರ್ ಜೋಡಿಸುವ ಮೊದಲು ಔಟ್‌ಪುಟ್‌ನ ಡಿಸಿ ವೋಲ್ಟ್ ಅಳೆಯಬೇಕು. ಅದು 50 ಮಿಲಿವೋಲ್ಟ್ ದಾಟಿದರೆ ಬೆಸುಗೆಯಲ್ಲಿ ತಪ್ಪಿದೆ ಅಥವಾ ಐಸಿ ಕೆಟ್ಟಿದೆ.

ಎಲ್ಲವೂ ಸರಿಯಾಗಿ, ಮೊದಲ ಬಾರಿಗೆ ಹಾಡು ಹೊರಟಾಗ ಆಗುವ ಹಿಗ್ಗನ್ನು ಕಟ್ಟಿದವರೇ ಬಲ್ಲರು. ಅದರ ಹಿಂದೆಯೇ ಗುಂಯ್ ಎಂಬುದು ಕೇಳಿಸುತ್ತದೆ.

ಇದರಲ್ಲಿ ಎರಡು ಜಾತಿ. ಮಂದ್ರವಾಗಿ, ಮೆತ್ತಗೆ ಕೇಳುವುದು 50 ಹರ್ಟ್ಸಿನದು: ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಇನ್‌ಪುಟ್ ತಂತಿಗೆ ತಗಲಿದಾಗ, ಅಥವಾ ಬೇರೆ ಬೇರೆ ಉಪಕರಣಗಳ ಅರ್ಥ್ ಸೇರಿ ಒಂದು ಸುತ್ತು ಏರ್ಪಟ್ಟಾಗ ಅದು ಹುಟ್ಟುತ್ತದೆ. ಒರಟಾಗಿ, ಜೀರುಂಡೆಯ ಹಾಗೆ ಕೇಳುವುದು 100 ಹರ್ಟ್ಸಿನದು. ಅದು ಬರುವುದು ಬ್ರಿಡ್ಜ್ ಮತ್ತು ಕೆಪಾಸಿಟರುಗಳ ನಡುವಿನ ಪ್ರವಾಹದಿಂದ. ನನ್ನ ಎರಡನೆಯ ಆಂಪ್ಲಿಫೈಯರಿನಲ್ಲಿ ಈ ಸದ್ದು ಬಹಳ ಸಣ್ಣದಾಗಿದ್ದುದರಿಂದ ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಧಾರವಾಡದಲ್ಲಿ ಹಾಡು ಕಲಿತ ನಮ್ಮ ಅವ್ವ ಒಂದು ಖಯಾಲ್ ಕೇಳುತ್ತ, ‘ತಂಬೂರಿ ಪಂಚಮ ಯಾಕೋ ನಡಗಿಧಂಗ ಕೇಳಸ್ತದಲ್ಲೋ’ ಎಂದರು. ಲೆಕ್ಕ ಹಾಕಿದಾಗ ಅವರ ಮಾತು ನಿಜವೇ ಆಗಿತ್ತು. ಆ ಗಾಯಕರ ಷಡ್ಜ ಹಾರ್ಮೋನಿಯಂನ ಬಿಳಿ ಒಂದು, ಅಂದರೆ ಸುಮಾರು 131 ಹರ್ಟ್ಸ್. ತಂಬೂರಿಯ ಮೊದಲ ತಂತಿಯ ಮಂದ್ರ ಪಂಚಮ ಅದರ ಮುಕ್ಕಾಲು, ಅಂದರೆ 98. ನನ್ನ ಆಂಪ್ಲಿಫೈಯರಿನ 100 ಹರ್ಟ್ಸ್ ಅದರ ಪಕ್ಕದಲ್ಲೇ ಕುಳಿತು ಸೆಕೆಂಡಿಗೆ ಎರಡು ಸಲ ಪಂಚಮವನ್ನು ಅಲುಗಿಸುತ್ತಿತ್ತು. ಅಂದಿನಿಂದ ನನ್ನ ಪರೀಕ್ಷೆಯ ಧ್ವನಿಮುದ್ರಣ ತಂಬೂರಿಯದೇ.

ಕಾರಣ ಹೀಗಿದೆ. ಕೆಪಾಸಿಟರುಗಳು ಎಡೆಬಿಡದೆ ತುಂಬುವುದಿಲ್ಲ. ಅಲೆಯ ತುದಿಯಲ್ಲಿ ಮಾತ್ರ, ಸೆಕೆಂಡಿಗೆ 100 ಸಲ, ಗುಟುಕು ಗುಟುಕಾಗಿ ಪ್ರವಾಹವನ್ನು ಎಳೆಯುತ್ತವೆ. ಎರಡು ಐಸಿಗಳು ಮೌನದಲ್ಲಿ ಬಳಸುವುದು ಸುಮಾರು 140 ಮಿಲಿಆಂಪಿಯರ್ ಆದರೂ ಆ ಗುಟುಕು ಅದರ ಹಲವು ಪಟ್ಟು ಇರುತ್ತದೆ. 1 ಆಂಪಿಯರ್ ಎಂದೇ ಇಟ್ಟುಕೊಳ್ಳೋಣ. 1 ಚದರ ಮಿಲಿಮೀಟರ್ ದಪ್ಪದ, 10 ಸೆಂಟಿಮೀಟರ್ ಉದ್ದದ ತಾಮ್ರದ ತಂತಿಗೆ 1.7 ಮಿಲಿಓಮ್ ರೋಧವಿದ್ದು, ಅದರ ಎರಡು ತುದಿಗಳ ನಡುವೆ 1.7 ಮಿಲಿವೋಲ್ಟ್ ಏಳುತ್ತದೆ. ಇನ್‌ಪುಟ್‌ನ ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ) ಅದೇ ತಂತಿಯನ್ನು ಹಂಚಿಕೊಂಡಿದ್ದರೆ ಐಸಿ ಅದನ್ನೂ 21 ಪಟ್ಟು ಹಿಗ್ಗಿಸಿ ಸ್ಪೀಕರಿಗೆ 36 ಮಿಲಿವೋಲ್ಟ್ ಕೊಡುತ್ತದೆ, ಮತ್ತು ರಾತ್ರಿಯ ಹೊತ್ತಿನಲ್ಲಿ ಅದು ಕೋಣೆಯ ಈ ಮೂಲೆಯವರೆಗೂ ಕೇಳುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರಿನ ನಡುತಂತಿಯಿಂದ ಎರಡು ದೊಡ್ಡ ಕೆಪಾಸಿಟರುಗಳ ನಡುಬಿಂದುವಿಗೆ ಹೋಗುವ ದಾರಿಗೆ ಬೇರೇನನ್ನೂ ಬೆಸೆಯಬಾರದು. ನಡುಬಿಂದುವಿನಿಂದ ಒಂದು ಸಣ್ಣ ತಂತಿಯಲ್ಲಿ ಆಚೆ ಬಂದು ಅಲ್ಲೊಂದು ಸ್ಕ್ರೂ ಹಾಕಿ, ಸ್ಪೀಕರಿನ ಹಿಂತಂತಿ, ಔಟ್‌ಪುಟ್ ಜೋಡಿಯ ಗ್ರೌಂಡ್, ವಿದ್ಯುತ್ ಕಾಲುಗಳ ಕೆಪಾಸಿಟರುಗಳ ಗ್ರೌಂಡ್, ಕೊನೆಗೆ ಇನ್‌ಪುಟ್ ಮತ್ತು ವಾಲ್ಯೂಮ್ ಪಾಟಿನ (ಸದ್ದು ಏರಿಳಿಸುವ ತಿರುಗುಣಿಯ) ಗ್ರೌಂಡ್, ಇವು ಒಂದೊಂದೂ ತನ್ನದೇ ತಂತಿಯಲ್ಲಿ ಅಲ್ಲಿಗೆ ಬಂದು ಸೇರಬೇಕು.

ಇಷ್ಟಾದ ಮೇಲೂ ಸದ್ದು ಉಳಿದರೆ ಪತ್ತೆ ಹಚ್ಚುವ ಕ್ರಮವೊಂದಿದೆ. ಒಳತಂತಿ ಹೊರಕವಚ ಎರಡನ್ನೂ ಬೆಸೆದ ಒಂದು ಆರ್‌ಸಿಎ ಪ್ಲಗ್ಗನ್ನು (ಆಡಿಯೋ ಕೇಬಲ್ಲಿನ ತುದಿಯ ಪ್ಲಗ್) ಇನ್‌ಪುಟ್‌ಗೆ ಹಾಕಿ. ಸದ್ದು ಹೋದರೆ ಅದು ಹೊರಗಿನಿಂದ ಬರುತ್ತಿತ್ತು. ಉಳಿದರೆ ದೋಷ ಪೆಟ್ಟಿಗೆಯೊಳಗಿದೆ. ವಾಲ್ಯೂಮ್ ತಿರುಗಿಸಿದಂತೆ ಏರಿಳಿದರೆ ಅದು ಪಾಟಿಗಿಂತ ಮೊದಲೇ ಸೇರಿಕೊಂಡಿದೆ. ಟ್ರಾನ್ಸ್‌ಫಾರ್ಮರನ್ನು ಸ್ಕ್ರೂ ಬಿಗಿಯುವ ಮೊದಲು ಅಷ್ಟಿಷ್ಟು ತಿರುಗಿಸಿ, ಸರಿಸಿ ಕೇಳಬೇಕು. ನನ್ನ ಮೂರನೆಯ ಆಂಪ್ಲಿಫೈಯರಿನಲ್ಲಿ ಎರಡು ವಾರ ಕಾಡಿದ 50 ಹರ್ಟ್ಸ್, ಟ್ರಾನ್ಸ್‌ಫಾರ್ಮರನ್ನು ಕಾಲು ಸುತ್ತು ತಿರುಗಿಸಿದ ಕ್ಷಣ ಮಾಯವಾದಾಗ ಹಾಡು ಕೇಳಿದಾಗಿನದಕ್ಕಿಂತ ಹೆಚ್ಚು ಸಂತೋಷವಾಯಿತು. ಸೆಟ್‌ಟಾಪ್ ಬಾಕ್ಸ್ ಜೋಡಿಸಿದಾಗ ಮಾತ್ರ ಸದ್ದು ಬಂದರೆ, ಕೇಬಲ್ಲಿನ ಹೊರಕವಚ ಕಟ್ಟಡದ ಇನ್ನೆಲ್ಲೋ ಅರ್ಥ್ ಆಗಿರುವುದೇ ಕಾರಣ. ಕೇಬಲ್ ಬಿಚ್ಚಿ ಖಚಿತಪಡಿಸಿಕೊಂಡು, ನಡುವೆ ಒಂದು ಆಡಿಯೋ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಸದ್ದು ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ತಂತಿಯನ್ನು ಕತ್ತರಿಸುವವರಿದ್ದಾರೆ. ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಒಳಗೆ ಒಂದು ತಂತಿ ಕಳಚಿಕೊಂಡರೆ ಪೆಟ್ಟಿಗೆಯ ಮೈಯೆಲ್ಲ 230 ವೋಲ್ಟ್ ಆಗುತ್ತದೆ.

ಮುಂಬಯಿಯವರು ಇನ್ನೊಂದು ಕೆಲಸವನ್ನು ಮಳೆಗಾಲಕ್ಕೆ ಮೊದಲೇ ಮುಗಿಸಬೇಕು. ಬೆಸುಗೆ ಹಿಡಿಯಲು ಬಳಸುವ ಫ್ಲಕ್ಸ್ ಬೋರ್ಡಿನ ಮೇಲೆ ಉಳಿದರೆ ಜೂನಿನ ತೇವವನ್ನು ಹೀರಿ, ಇನ್‌ಪುಟ್‌ನ ಬಳಿ ಚರಪರ ಸದ್ದು ಶುರುವಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಒಣಗಿಸಿ, ಬೆಸುಗೆಯ ಬದಿಗೆ ತೆಳುವಾಗಿ ವಾರ್ನಿಷ್ ಹಚ್ಚಿ. ಒಂದು ತಿಂಗಳು ಬಳಸಿದ ಮೇಲೆ ಮುಚ್ಚಳ ತೆಗೆದು ಹೀಟ್‌ಸಿಂಕಿನ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯಬೇಕು. ಕಾದು ಆರಿ ಅವು ಸ್ವಲ್ಪ ಸಡಿಲವಾಗಿರುತ್ತವೆ.